ಮೈಲಾರವ್ವನ ಮಳಿಗೆಯ ಮುಂದಿನ ಜಾಗ

ಮೈಲಾರವ್ವ ಕುರಿ ಮಾರಿ ಅಂಗಡಿ ಕಟ್ಟಿಸುತ್ತಾಳಂತೆ ಎಂಬ ಸುದ್ದಿ ಹಬ್ಬಿದಾಗ ಊರು ಮೊದಲು ನಕ್ಕಿತು. ನಗದೆ ಏನು ಮಾಡೀತು? ಹಿಂಡಿನ ಹಿಂದೆ ಬಿಸಿಲು ಮಳೆ ಎನ್ನದೆ ತಿರುಗಿದ ಹೆಂಗಸು, ಹೆಗಲ ಮೇಲೆ ಕಂಬಳಿ ಇಲ್ಲದೆ ಸಂತೆಗೂ ಹೋಗದವಳು, ಇದ್ದಕ್ಕಿದ್ದ ಹಾಗೆ ಹುಬ್ಬಳ್ಳಿ–ಗದಗ ರಸ್ತೆಯ ಮಗ್ಗುಲಿಗೆ ಆರು ಶಟರಿನ ಕಾಂಪ್ಲೆಕ್ಸ್ ಎಬ್ಬಿಸುತ್ತೇನೆ ಅಂದರೆ ಯಾರಿಗಾದರೂ ನಗು ಬರುತ್ತದೆ. "ಕುರಿ ಮೇಯಿಸಾಕಿ ಇನ್ನ ಮ್ಯಾಲ ಬಾಡಿಗಿ ಮೇಯಿಸ್ತಾಳಂತಲೇ" ಎಂದು ಕಟ್ಟೆಯ ಮೇಲಿನ ಗಂಡಸರು ಹಲ್ಲು ಕಿಸಿದರು. ಹಾಗೆ ಹಲ್ಲು ಕಿಸಿದವರೇ ಎರಡು ವರ್ಷದ ಮೇಲೆ ಅವಳ ಮನೆಯ ಹೊಸ್ತಿಲಿಗೆ ಬಂದು, "ಯಕ್ಕಾ, ಒಂದ ಶಟರ್ ಖಾಲಿ ಆದ್ರ ನಮಗ ಹೇಳವಾ" ಎಂದು ಗೋಗರೆದರು. ಊರಿನ ನಗುವಿಗೆ ಆಯುಷ್ಯ ಅಷ್ಟೇ.

ಮೈಲಾರವ್ವ ಹುಟ್ಟಿದ್ದು ಕುಂದಗೋಳ ತಾಲೂಕಿನ ಯರಗುಪ್ಪಿಯಲ್ಲಿ. ಕೊಟ್ಟದ್ದು ಅಣ್ಣಿಗೇರಿಯ ಈಚೆಗಿರುವ ಈ ಊರಿಗೆ, ಮಾಳಿಂಗರಾಯನಿಗೆ. ಗಂಡ ಒಳ್ಳೆಯವನು, ಆದರೆ ಮಾತಿಗೆ ಮಹಾ ಜಿಪುಣ. ದಿನದ ಮಾತೆಲ್ಲ ಕುರಿಗಳ ಜೊತೆ ಮುಗಿಸಿ ಮನೆಗೆ ಬಾಯಿ ಮುಚ್ಚಿಕೊಂಡು ಬರುವ ಆಸಾಮಿ. ಹೀಗಾಗಿ ವ್ಯವಹಾರವೆಲ್ಲ ಅವಳದೇ. ಸುಗ್ಗಿ ಮುಗಿದು ಎರೆಹೊಲಗಳು ಬರಿದಾದ ಮೇಲೆ ಯಾರ ಹೊಲದಲ್ಲಿ ಎಷ್ಟು ದಿನ ಕುರಿ ತರುಬಬೇಕು, ಅದಕ್ಕೆ ಹೊಲದವರು ಎಷ್ಟು ಜೋಳ ಅಳೆದು ಕೊಡಬೇಕು ಎಂದು ಮಾತಾಡುವವಳು ಅವಳು. ಹಿಂಡು ನಾಲ್ಕು ರಾತ್ರಿ ಒಂದು ಹೊಲದಲ್ಲಿ ಮಲಗಿ ಎದ್ದರೆ ಆ ನೆಲಕ್ಕೆ ಬೇರೆ ಗೊಬ್ಬರ ಬೇಡ. ಈ ಕೊಡುಕೊಳ್ಳುವಿಕೆಗೆ ಕಾಗದವಿರಲಿಲ್ಲ, ಸಾಕ್ಷಿ ಇರಲಿಲ್ಲ. ಒಂದು ಹೊಲದಿಂದ ಇನ್ನೊಂದಕ್ಕೆ ಹೋಗಲು ನಡುವಿನವರನ್ನು ಕೇಳಬೇಕಾಗಿಯೂ ಇರಲಿಲ್ಲ. ಬೆಳೆ ಇಲ್ಲದ ಹೊಲದಲ್ಲಿ ಹಿಂಡಿಗೆ ದಾರಿ ಇದ್ದೇ ಇದೆ. ಗಾಳಿಯನ್ನು ಯಾರಾದರೂ ಕೊಳ್ಳುತ್ತಾರೆಯೇ? ದಾರಿಯೂ ಹಾಗೆಯೇ ಎಂದು ಅವಳು ತಿಳಿದಿದ್ದಳು. ಹಾಗಲ್ಲವೆಂದು ಹೇಳಿದವರಿದ್ದರು, ಅವಳು ಕೇಳಲಿಲ್ಲ.

ಈ ಊರಿನಲ್ಲಿ ಅವಳ ಹಿಂಡು ಮೊದಲು ಇಳಿಯುತ್ತಿದ್ದುದು ಸಂಗನಬಸವಗೌಡರ ಹೊಲಕ್ಕೆ. ಗೌಡರೆಂದರೆ ಮೂರು ಹೊತ್ತು ಲಿಂಗಪೂಜೆ ತಪ್ಪಿಸದ ಮನುಷ್ಯ, ಹಣೆತುಂಬ ವಿಭೂತಿ, ಮಾತು ಬೆಣ್ಣೆ. ರಸ್ತೆಗೆ ಹತ್ತಿದ ಹೊಲವೆಲ್ಲ ಅವರದೇ. ಮದುವೆಯಾಗಿ ಬಂದ ಮೊದಲ ವರ್ಷ ಮೈಲಾರವ್ವನನ್ನು ಕಂಡು, "ನಿಮ್ಮ ಯರಗುಪ್ಪಿ ನಮ್ಮವ್ವನ ತವರೂರವಾ. ಅಂದಮ್ಯಾಲ ನೀ ನನಗ ತಂಗಿ" ಎಂದರು. ಅವಳಿಗೆ ಒಡಹುಟ್ಟಿದ ಅಣ್ಣತಮ್ಮಂದಿರಿರಲಿಲ್ಲ. ಪಂಚಮಿಗೆ ಕರೆಯುವವರಿಲ್ಲದ ಹೆಣ್ಣುಮಗಳಿಗೆ ಹಬ್ಬ ಎಷ್ಟು ಉದ್ದ ಎಂಬುದು ಅನುಭವಿಸಿದವರಿಗೇ ಗೊತ್ತು. ಆ ವರ್ಷದ ನಾಗರಪಂಚಮಿಗೆ ಗೌಡರ ಮನೆಯಿಂದ ಒಂದು ಬುಟ್ಟಿ ಉಂಡಿ, ರವಿಕೆ ಹೊಲಿಸಿಕೊಳ್ಳಲು ಒಂದು ಕುಬಸದ ಕಣ ಬಂದವು. ಆಮೇಲೆ ಒಂದು ವರ್ಷವೂ ತಪ್ಪಲಿಲ್ಲ. ಗೌಡರು ಅವಳಿಗೆ ಅಂದಿನಿಂದ "ಅಣ್ಣಾರು" ಆದರು. ಅವರ ಹೊಲದಲ್ಲಿ ಕುರಿ ತರುಬಿದ್ದಕ್ಕೆ ಅವಳು ಬೇರೆಯವರಿಂದ ತಗೊಂಡಷ್ಟು ಜೋಳ ಎಂದೂ ತಗೊಳ್ಳಲಿಲ್ಲ. ಅಣ್ಣನ ಹೊಲಕ್ಕೆ ಲೆಕ್ಕ ಹಚ್ಚುವುದೇ?

ಹಾಗೇ ನಡೆದಿತ್ತು. ನಡುವೆ ರಸ್ತೆ ಅಗಲವಾಯಿತು. ಎರಡು ಬಸ್ಸು ಎದುರಾದರೆ ಒಂದು ಕೆಳಗಿಳಿಯಬೇಕಾಗಿದ್ದ ರಸ್ತೆ ನಾಲ್ಕು ಪಟ್ಟಿಯದಾಯಿತು, ಊರಿನ ದಾರಿ ಅದಕ್ಕೆ ಕೂಡುವಲ್ಲಿ ಜಾಲಿ ಕ್ರಾಸ್ ಎಂಬ ಬಸ್ ಸ್ಟಾಪ್ ಹುಟ್ಟಿತು. ಬಿಳಿ ಅಂಗಿಯ ಏಜೆಂಟರು ಕಾರಿನಲ್ಲಿ ಬಂದು ಜೋಳದ ಹೊಲದ ನಡುವೆ ನಿಂತು ಫೋನಿನಲ್ಲಿ ಚದರಡಿಯ ಮಾತಾಡತೊಡಗಿದರು. ಬೇಸಿಗೆಗೆ ಬಿದ್ದಿರುತ್ತಿದ್ದ ಹೊಲಗಳಿಗೆ ತಂತಿಬೇಲಿ ಬಂತು, ಕಲ್ಲು ನೆಟ್ಟು ಸುಣ್ಣ ಬಳಿದ ಪ್ಲಾಟುಗಳು ಬಂದವು. ಹಿಂಡು ಎತ್ತ ಹೊರಳಿದರೂ ಬೇಲಿ. ಒಂದು ಮುಂಜಾನೆ ರಸ್ತೆ ದಾಟಿಸುವಾಗ ಲಾರಿಯೊಂದು ನಿಲ್ಲಿಸದೆ ನುಗ್ಗಿತು. ಸತ್ತ ಕುರಿಗಳನ್ನು ರಸ್ತೆಯ ಬದಿಗೆ ಎಳೆಯುತ್ತ ಮಾಳಿಂಗರಾಯ ಅವತ್ತು ಕುರಿಗಳ ಜೊತೆಗೂ ಮಾತಾಡಲಿಲ್ಲ.

ಸುದ್ದಿ ಕೇಳಿ ಗೌಡರೇ ಮನೆಯ ತನಕ ಬಂದರು. ಕಂಬಳಿ ಹಾಸಿ ಕೂರಿಸಿದಳು.

"ತಂಗೀ, ಇನ್ನ ಈ ಕುರಿ ಬಾಳೇವು ನಡಿಯೂದಿಲ್ಲ," ಎಂದರು ಗೌಡರು. "ಮಾರಿ ಬಿಡು. ಕ್ರಾಸಿನ್ಯಾಗ ನಂದು ಜಾಗ ಎನ್‌ಎ ಆಗೇತಿ, ಅಂಗಡಿ ಕಟ್ಟಾಕ ಸರ್ಕಾರದ ಅಡ್ಡಿ ಇಲ್ಲ. ಅದರಾಗ ಹಿಂದಿನ ಅರ್ಧ ನಿನಗ ಕೊಡತೀನಿ. ಆರು ಅಂಗಡಿ ಕಟ್ಟು, ಬಾಡಿಗಿ ಉಣ್ಣು. ಕುರಿಗೆ ರೋಗ ಬರ್ತೈತಿ, ಗ್ವಾಡಿಗೆ ರೋಗ ಬರ್ತೈತೇನು?"

"ಹಿಂದಿನ ಅರ್ಧ ಅಂದ್ರ ರಸ್ತಾಕ್ಕ ಹತ್ತೂದಿಲ್ಲಲ್ರಿ ಅಣ್ಣಾರ?"

"ಮುಂದಿನ ಪಟ್ಟಿ ನಂದ ಐತೆಲ್ಲ. ನಾ ಏನು ಅಲ್ಲೆ ಅರಮನಿ ಕಟ್ಟತೀನೇನು? ಅದು ಹಂಗ ಬಯಲ ಇರ್ತೈತಿ. ನಿನ್ನ ಅಂಗಡಿಗೆ ಅಂಗಳ ಅಂತ ತಿಳಿ. ಬಸ್ಸು ಇಳಿದ ಮಂದಿ ನೆಟ್ಟಗ ನಿನ್ನ ಶಟರಿಗೆ ಬರ್ತಾರ."

ಮೈಲಾರವ್ವನ ಮಗಳು ಸುನೀತಾ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ಅಣ್ಣಿಗೇರಿಯ ಕಾಲೇಜಿನಲ್ಲಿ ಬಿ.ಕಾಂ. ಓದಿದವಳು. ಗೌಡರು ಹೋದ ಮೇಲೆ, "ಅವ್ವಾ, ಆ ಬಯಲಿನ ದಾರೀದು ಖರೀದಿ ಪತ್ರದಾಗ ಬರಸ್ಕೋಬೇಕು ನೋಡು" ಎಂದಳು. ಮೈಲಾರವ್ವ ಮಗಳ ಮೇಲೆ ಹರಿಹಾಯ್ದಳು. "ನಿನ್ನ ಓದಿಗಿಷ್ಟು ಬೆಂಕಿ ಹಚ್ಚಲಿ. ಅವ್ರ ಹೊಲದಾಗ ಹೊರಳ್ಯಾಡಿ ಬೆಳೆದಾಕಿ ನೀ. ಒಂದ ದಿನಾರ ದಾರಿ ಕೇಳೀವೇನು?" ಎಂದು ಬಾಯಿ ಮುಚ್ಚಿಸಿದಳು.

ಕುರಿ ಮಾರುವ ದಿನ ಮಾಳಿಂಗರಾಯ ಹಟ್ಟಿಯಿಂದ ದೂರ ಹೋಗಿ ಹೊಲದ ಬದುವಿನ ಮೇಲೆ ಕುಳಿತ. ದಲ್ಲಾಳಿಗಳು ಒಂದೊಂದನ್ನೇ ಎತ್ತಿ ಗಾಡಿಗೆ ಹಾಕುವಾಗ ಮೈಲಾರವ್ವ ಅಲ್ಲೇ ನಿಂತು ನೋಡಿದಳು. ಹಿಂಡಿನ ಜೊತೆಗೆ ಕಿವಿಯ ಬಂಗಾರವೂ ಹೋಯಿತು, ಮಗಳ ಮದುವೆಗೆಂದು ಇಟ್ಟದ್ದೂ ಹೋಯಿತು. ಗೌಡರು ಹೇಳಿದ ಬೆಲೆಯನ್ನು ಅವಳು ಒಂದು ಮಾತೂ ಚೌಕಾಸಿ ಮಾಡದೆ ಕೊಟ್ಟಳು.

ನೋಂದಣಿಯ ದಿನ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಪತ್ರ ಬರೆಯುವವನು ಚತುಸ್ಸೀಮೆ ಓದಿದ. ಪೂರ್ವಕ್ಕೆ ಮಾರುವವರ ಬಾಕಿ ಜಾಗ, ಪಶ್ಚಿಮಕ್ಕೆ ಹಳ್ಳದ ದಾರಿ. ಓದಿ ತಲೆ ಎತ್ತಿ, "ಮುಂದಿನ ಜಾಗದಾಗ ಇವರಿಗೆ ಹಾದುಹೋಗಾಕ ಹಕ್ಕು ಅಂತ ಒಂದ ಸಾಲು ಬರೀಲೇನ್ರಿ ಗೌಡ್ರ?" ಎಂದು ಕೇಳಿದ. ಕೇಳಿದ್ದು ಗೌಡರನ್ನು. ಗೌಡರು ಮೈಲಾರವ್ವನ ಮುಖ ನೋಡಿದರು. ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು. ಪಂಚಮಿಗೆ ಉಂಡಿ ಕಳಿಸುವ ಅಣ್ಣನ ಕೈಯಿಂದ ನಾಲ್ಕು ಜನರ ಮುಂದೆ ದಾರಿ ಬರೆಸಿಕೊಂಡರೆ, ನಿಮ್ಮ ಮಾತಿನ ಮೇಲೆ ನನಗೆ ನಂಬಿಗೆ ಇಲ್ಲ ಎಂದು ಮುಖಕ್ಕೆ ಹೇಳಿದಂತೆಯೇ ಅಲ್ಲವೇ?

"ಬ್ಯಾಡ್ರೀ," ಎಂದಳು. "ದಾರೀನೂ ಬರಸ್ಕೊಂಡ್ರ ನಮ್ಮ ಅಣ್ಣಾರ ಮಾತಿಗೆ ಏನು ಕಿಮ್ಮತ್ತು ಉಳಿತೈತಿ?"

ಗೌಡರು ನಕ್ಕರು. ಬರೆಯುವವನ ಕಡೆಗೆ ತಿರುಗಿ, "ನೋಡಪಾ, ನನ್ನ ತಂಗಿ ಹೆಂಥಾಕಿ ಅದಾಳ" ಎಂದರು. ಆ ನಗುವನ್ನು ಅವಳು ಆಗ ಹೆಮ್ಮೆ ಎಂದುಕೊಂಡಳು. ಬಹಳ ದಿನ ಹಾಗೇ ಅಂದುಕೊಂಡಿದ್ದಳು ಪಾಪ.

ಅಂಗಡಿಗಳು ಎದ್ದವು. ಮೊದಲು ಬಂದವನು ಮಾಬುಸಾಬ, ವೆಲ್ಡಿಂಗ್ ಮಾಡುವವನು. ಆಮೇಲೆ ಗೊಬ್ಬರ–ಬೀಜದ ಅಂಗಡಿ, ಮೊಬೈಲ್ ಅಂಗಡಿ, ಒಂದು ಚಹಾದಂಗಡಿ, ಬಂಗಾರ ಇಟ್ಟುಕೊಂಡು ಸಾಲ ಕೊಡುವ ಒಂದು ಆಫೀಸು. ಕೊನೆಯ ಶಟರಿನಲ್ಲಿ ಸುನೀತಾ ಹೊಲಿಗೆ ಮಷಿನ್ ಹಾಕಿಕೊಂಡು ಕುಳಿತಳು. ಮುಂದಿನ ಬಯಲಿನಲ್ಲಿ ಸಂಜೆಗೆ ಬೈಕುಗಳು ಸಾಲುಗಟ್ಟಿದವು, ಟ್ರ್ಯಾಕ್ಟರುಗಳು ನಿಂತವು, ಮಿರ್ಚಿ ಗಾಡಿಯವನು ಒಲೆ ಹಚ್ಚಿದ. ತಿಂಗಳು ತುಂಬಿದರೆ ಬಾಡಿಗೆ ತಾನಾಗಿ ಮನೆಗೆ ಬರುವುದು ಮೈಲಾರವ್ವನಿಗೆ ಒಂದು ಸೋಜಿಗ. ಅಡವಿಗೆ ಹೋಗದೆ, ತೋಳಕ್ಕೆ ಹೆದರದೆ, ಮಳೆಗೆ ತೋಯದೆ ಹಾಲು ಕೊಡುವ ಹಿಂಡು ಎಂದು ಅವಳು ಗಂಡನಿಗೆ ಹೇಳಿ ನಗುತ್ತಿದ್ದಳು. ಮಾಳಿಂಗರಾಯ ನಗುತ್ತಿರಲಿಲ್ಲ. ಅಂಗಡಿಗಳ ಮುಂದೆ ಕೋಲು ಹಿಡಿದು ಕುಳಿತು ಬಂದುಹೋಗುವ ಜನರನ್ನು ಲೆಕ್ಕ ತಪ್ಪಿದವನ ಹಾಗೆ ನೋಡುತ್ತಿದ್ದ. ಊರಿನವರು ಮಾತ್ರ ಈಗ ಅವಳನ್ನು "ಕಾಂಪ್ಲೆಕ್ಸ್ ಮೈಲಾರವ್ವ" ಎಂದು ಕರೆಯತೊಡಗಿದ್ದರು, ಅವಳಿಗೂ ಅದು ಹಿತವಾಗಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಕಾಲ ಒಂದೇ ತೆರನಾಗಿ ಇರುವುದಿಲ್ಲ. ರೋಗದ ವರ್ಷ ಬಂತು, ಬೀಗ ಬಿತ್ತು. ಅವಳು ಬಾಡಿಗೆ ಕೇಳಲಿಲ್ಲ. ಮುಚ್ಚಿದ ಅಂಗಡಿಯವನ ಹತ್ತಿರ ಬಾಡಿಗೆ ಕೇಳುವುದು ಬತ್ತಿದ ಕೆಚ್ಚಲು ಹಿಂಡಿದಂತೆ ಎಂದಳು. ರೋಗ ಹೋದ ಮೇಲೂ ಹಳೆಯ ಸುಗ್ಗಿ ಬರಲಿಲ್ಲ. ಜನ ಫೋನಿನಲ್ಲೇ ಫೋನು ತರಿಸತೊಡಗಿದರು, ಮೊಬೈಲ್ ಅಂಗಡಿ ಖಾಲಿಯಾಯಿತು. ಬಂಗಾರದ ಸಾಲದ ಆಫೀಸಿನವರು ಎರಡು ಶಾಖೆ ಸೇರಿಸಿ ಒಂದು ಮಾಡಿ ಅಣ್ಣಿಗೇರಿ ಪೇಟೆಗೆ ಹೋದರು. ಸಣ್ಣ ಅಂಗಡಿಯ ಬಾಡಿಗೆ ಇಳಿಯಿತು. ವಿಚಿತ್ರವೆಂದರೆ ಅದೇ ಹೊತ್ತಿಗೆ ರಸ್ತೆಗೆ ಹತ್ತಿದ ನೆಲದ ಬೆಲೆ ಏರಿತು. ಎಲ್ಲ ಸಾಮಾನು ಒಂದೇ ಸೂರಿನ ಕೆಳಗೆ ಮಾರುವ ದೊಡ್ಡ ಕಂಪನಿಗಳು ಕ್ರಾಸು ಕ್ರಾಸಿಗೆ ಜಾಗ ಹುಡುಕುತ್ತ ಬಂದವು. ಸಣ್ಣವರು ಖಾಲಿ ಮಾಡಿದಲ್ಲೆಲ್ಲ ದೊಡ್ಡವರು ಬಂದು ಕುಳಿತುಕೊಳ್ಳುವ ಕಾಲ.

ಮೈಲಾರವ್ವ ಅಂಜಲಿಲ್ಲ. ಎರಡು ಶಟರು ಖಾಲಿ ಬಿದ್ದರೆ ಬಿದ್ದವು, ಬಸ್ಸು ನಿಲ್ಲುವ ತನಕ, ಮುಂದೆ ಬಯಲು ಇರುವ ತನಕ ಯಾರಾದರೂ ಬಂದೇ ಬರುತ್ತಾರೆ ಎಂದಳು. ಆ ಬಯಲಿನಲ್ಲಿ ಒಂದು ಮುಂಜಾನೆ ಜೆಸಿಬಿ ಬಂದು ನಿಂತಿತು.

ಶಟರುಗಳ ಮುಂದೆ ಎರಡು ಮಾರು ಬಿಟ್ಟು ಉದ್ದಕ್ಕೆ ತಗ್ಗು ತೋಡುತ್ತಿದ್ದರು. ಮಾಳಿಂಗರಾಯ ಕೋಲು ಅಡ್ಡ ಹಿಡಿದು ನಿಂತಿದ್ದ. ಹೆಲ್ಮೆಟ್ ಹಾಕಿದ ಮನುಷ್ಯನೊಬ್ಬ ಮೈಲಾರವ್ವನಿಗೆ ಸಮಾಧಾನದಿಂದಲೇ ತಿಳಿಸಿ ಹೇಳಿದ. ಜಾಗವನ್ನು ಕಂಪನಿ ಖರೀದಿ ಮಾಡಿದೆ, ಕಂಪೌಂಡ್ ಎದ್ದು ಒಳಗೆ ದೊಡ್ಡ ಮಳಿಗೆ ಬರುತ್ತದೆ. ಅವಳು ತನ್ನ ಹಿಂದಿನ ಅರ್ಧಕ್ಕೆ ಕೊಟ್ಟ ಬೆಲೆ ಹೇಳಿದಾಗ ಅವನು ಕಣ್ಣರಳಿಸಿ, "ಆ ಕಾಲಕ್ಕ ಅದು ಮುಂದಿನ ಜಾಗದ ಬೆಲೆ ಆತಲ್ರಿ ಅಮ್ಮಾರ" ಎಂದ. ಅವಳು ಗೌಡರ ಮನೆಯ ಕಡೆಗೆ ಹೆಜ್ಜೆ ಹಾಕಿದಳು.

ಗೌಡರು ಪಡಸಾಲೆಯಲ್ಲಿ ಕುಳಿತಿದ್ದರು. ಬಾಜುಕ್ಕೆ ಮಗ ಪ್ರಭು. ಪ್ರಭು ಹುಬ್ಬಳ್ಳಿಯಲ್ಲಿ ಸಾಲ ಎತ್ತಿ ಮೂರಂತಸ್ತಿನ ಕಮರ್ಷಿಯಲ್ ಬಿಲ್ಡಿಂಗ್ ಕಟ್ಟಿಸಿದ್ದ. ಕಟ್ಟುವಾಗ ಆಫೀಸುಗಳ ಕಾಲ, ಮುಗಿಯುವಾಗ ಆಫೀಸಿನವರೆಲ್ಲ ಮನೆಯಿಂದಲೇ ಕೆಲಸ ಮಾಡುವ ಕಾಲ. ಮೇಲಿನ ಎರಡು ಅಂತಸ್ತಿಗೆ ಪಾರಿವಾಳಗಳು ಮಾತ್ರ ಬಾಡಿಗೆಗೆ ಇದ್ದವು ಎಂದು ಊರು ಆಡಿಕೊಳ್ಳುತ್ತಿತ್ತು.

"ಅಣ್ಣಾರ, ಮುಂದಿನ ಜಾಗಾ ಮಾರೀರಂತ?" ಎಂದಳು ಮೈಲಾರವ್ವ. ನಿಂತೇ ಕೇಳಿದಳು.

ಗೌಡರು ಮಗನ ಕಡೆಗೆ ನೋಡಿದರು. ಪ್ರಭು ಮಾತಾಡಿದ. "ಅತ್ತೀ, ಇದು ವ್ಯವಹಾರ. ನಮ್ಮ ಜಾಗಾ ನಾವು ಮಾರೀವಿ. ನಿಮ್ಮದು ನಿಮ್ಮ ಹೆಸರಿನ್ಯಾಗ ಐತಿ. ಅದಕ್ಕ ನಾವೇನರ ಕೈ ಹಚ್ಚೀವೇನು?"

"ಜಾಗಾ ಐತಪಾ. ಹೋಗಾಕ ದಾರಿ?"

"ಹಿಂದ ಹಳ್ಳದ ದಾರಿ ಐತಲ್ಲ."

ಹಳ್ಳದ ದಾರಿ! ಮಳೆ ಬಿದ್ದರೆ ಎರೆಮಣ್ಣಿನಲ್ಲಿ ಮೊಣಕಾಲು ಹೂತುಹೋಗುವ ದಾರಿ. ಬೇಸಿಗೆಯಲ್ಲೂ ಅತ್ತ ಯಾವ ಬಸ್ಸು ನಿಲ್ಲುತ್ತದೆ, ಯಾವ ಗಿರಾಕಿ ಇಳಿಯುತ್ತಾನೆ? ಮೈಲಾರವ್ವ ಪ್ರಭುವಿನ ಕಡೆಗೆ ನೋಡಲೇ ಇಲ್ಲ. "ಅಣ್ಣಾರ, ನೀವು ಹೇಳ್ರಿ" ಎಂದಳು.

"ಕಂಪನಿಯವರಿಗೆ ಹೇಳೀನಿ ತಂಗೀ," ಎಂದರು ಗೌಡರು. "ಒಂದು ಬಂಡಿ ಹೋಗುವಷ್ಟು ಬಿಡ್ತಾರ. ನಾ ಇಲ್ಲೇನು? ಏನೂ ಚಿಂತಿ ಮಾಡಬ್ಯಾಡ. ಚಾ ಕುಡಿದು ಹೋಗು."

ಅವಳು ಚಹಾ ಕುಡಿದಳು. ನಂಬಿದಳು ಕೂಡ. ನಂಬದೆ ಏನು ಮಾಡಬೇಕು? ಬೇಲಿಯೇ ಎದ್ದು ಹೊಲ ಮೇಯುತ್ತದೆ ಎಂದು ಒಮ್ಮೆ ಒಪ್ಪಿಕೊಂಡರೆ ಆಮೇಲೆ ಮನುಷ್ಯ ರಾತ್ರಿ ಯಾರ ಹೊಲದಲ್ಲಿ ಕಣ್ಣು ಮುಚ್ಚಬೇಕು?

ಗೋಡೆ ಎದ್ದಿತು. ಬಂಡಿಗಿರಲಿ, ಆಡಿಗೂ ಸಂದು ಬಿಡಲಿಲ್ಲ. ಆಳಿಗಿಂತ ಎತ್ತರದ ಗೋಡೆಯ ಹಿಂದೆ ಆರು ಶಟರುಗಳು ಮುಖ ಗೋಡೆಗೆ ಮಾಡಿ ನಿಂತವು. ಗೊಬ್ಬರದಂಗಡಿಯವನು ಎದುರಿಗೆ ಬರಲು ನಾಚಿ ಕೀಲಿಕೈಯನ್ನು ಬೇರೆಯವರ ಕೈಯಲ್ಲಿ ಕಳಿಸಿದ. ಚಹಾದವನು ಒಲೆ ಹೊತ್ತುಕೊಂಡು ರಸ್ತೆಯ ಆಚೆಗೆ ಹೋದ. ಮಾಬುಸಾಬ ಒಂದು ಮಧ್ಯಾಹ್ನ ಮನೆಗೆ ಬಂದು ತಲೆ ಕೆರೆಯುತ್ತ ನಿಂತ.

"ಯಕ್ಕಾ, ಕಂಪನಿಯವರು ತಮ್ಮ ಗೇಟಿಗೆ ವೆಲ್ಡಿಂಗ್ ಮಾಡಾಕ ನನ್ನನ್ನ ಕರದಾರ. ಒಲ್ಲೆ ಅಂತ ಹೇಳಿ ಬಂದ್ನಿ."

"ನೀ ಒಲ್ಲೆ ಅಂದ್ರ ಮತ್ತೊಬ್ಬ ಮಾಡ್ತಾನ. ನಿನಗೂ ಮಕ್ಕಳು ಮರಿ ಅದಾವು. ಹೋಗು, ದುಡಕೋ."

"ನಿನಗ ಸಿಟ್ಟು ಬರೂದಿಲ್ಲೇನು?"

"ಸಿಟ್ಟು ನಿನ್ನ ಮ್ಯಾಲ ಯಾಕ ಬರ್ತೈತಿ? ನೀ ಏನು ನನಗ ತಂಗಿ ಅಂದಿದ್ದಿ?"

ಮಾಬುಸಾಬ ಗೇಟು ಮಾಡಿದ, ಬಂದ ಕೂಲಿಯಲ್ಲಿ ಬಾಡಿಗೆಯನ್ನೂ ತಂದಿಟ್ಟ. ಅವಳು ತಗೊಳ್ಳಲಿಲ್ಲ.

ಅದೇ ಶ್ರಾವಣದಲ್ಲಿ ಪಂಚಮಿ ಬಂತು. ಗೌಡರ ಮನೆಯಿಂದ ಉಂಡಿ ಬಂದವು. ಎಂದಿನಂತೆ ಬುಟ್ಟಿ, ಎಂದಿನಂತೆ ಕುಬಸದ ಕಣ. ಮೈಲಾರವ್ವ ಬುಟ್ಟಿಯ ಮುಂದೆ ಕುಳಿತು ಬಹಳ ಹೊತ್ತು ನೋಡಿದಳು. ಮರಳಿ ಕಳಿಸಬೇಕೆನಿಸಿತು. ಆದರೆ ಪಂಚಮಿಯ ಉಂಡಿ ಮರಳಿಸಿದರೆ ಅಣ್ಣನಿಗೆ ಕೇಡು ಎಂಬ ಮಾತು ಚಿಕ್ಕಂದಿನಿಂದ ಕಿವಿಗೆ ಬಿದ್ದಿತ್ತು. ಅವಳಿಂದಾಗಲಿಲ್ಲ. ಬುಟ್ಟಿಯನ್ನು ಗೋಡೆಯ ಮಾಡದಲ್ಲಿಟ್ಟಳು, ಯಾರಿಗೂ ತಿನ್ನಲು ಕೊಡಲಿಲ್ಲ. ಮೂರು ದಿನಕ್ಕೆ ಇರುವೆ ಹತ್ತಿದವು. ನಮ್ಮ ಹೆಣ್ಣುಮಕ್ಕಳು ಹೀಗೆ. ಕುತ್ತಿಗೆ ಕೊಯ್ದವನಿಗೂ ನೆಗಡಿಯಾಗದಿರಲಿ ಎಂದು ದೇವರಿಗೆ ಕೈ ಮುಗಿಯುತ್ತಾರೆ, ನೋಡಿದವರಿಗೆ ಹೊಟ್ಟೆ ಉರಿಯುತ್ತದೆ.

ಸುನೀತಾ ಮಾತ್ರ ಉಂಡಿಗೆ ಸೋಲುವವಳಲ್ಲ. ತಹಸೀಲ್ದಾರರ ಕಚೇರಿಗೆ ಅರ್ಜಿ ಹಾಕಿದಳು. ಮೂವತ್ತು ವರ್ಷದಿಂದ ನಾವು ಓಡಾಡಿದ ದಾರಿ ಮುಚ್ಚಿದ್ದಾರೆ, ತೆರೆಸಿಕೊಡಿ ಎಂದು. ಊರಿನ ಜಮೀನಿನ ಲೆಕ್ಕ ಇಡುವ ತಲಾಠಿ ಒಳ್ಳೆಯವನು. ಅವನು ಮೈಲಾರವ್ವನನ್ನು ಕರೆದು ಮೆಲ್ಲಗೆ ಹೇಳಿದ. "ಅಮ್ಮಾ, ಕಂದಾಯದ ಸರ್ಕಲ್ ಸಾಹೇಬ್ರು ಜಾಗಕ್ಕ ಬರ್ತಾರ. ಕಾಗದ ನಿಮ್ಮ ಕಡೆ ಇಲ್ಲ. ಆದ್ರ ಜಾಗಾ ಕೊಟ್ಟ ಗೌಡ್ರು, ಹೌದು, ಅಂಗಡಿಗೆ ಇತ್ತಿಂದನ ದಾರಿ ಅಂತ ನಾ ಮಾತು ಕೊಟ್ಟಿದ್ದೆ ಅಂತ ಸಾಹೇಬ್ರ ಮುಂದ ಒಂದ ಮಾತು ಹೇಳಿದ್ರ, ಕಂಪನಿಯವರು ಒಂದು ಬಂಡಿ ಅಗಲ ಬಿಡಬೇಕಾಗ್ತೈತಿ. ಅವರಿಗೂ ತಂಟೆ ಬ್ಯಾಡಾಗೇತಿ."

ಒಂದು ಮಾತು. ಮೈಲಾರವ್ವನಿಗೆ ಹೋದ ಜೀವ ಬಂದಂತಾಯಿತು. ಮಗನ ಮುಂದೆ ಅಣ್ಣನ ಬಾಯಿ ಕಟ್ಟಿರಬಹುದು, ಮುದಿತನದಲ್ಲಿ ಯಾರ ಬಾಯಿ ಕಟ್ಟುವುದಿಲ್ಲ? ಆದರೆ ಲಿಂಗಪೂಜೆ ಮಾಡಿಕೊಂಡು ಬಂದ ಬಾಯಿ ಸರ್ಕಾರದ ಮುಂದೆ ಸುಳ್ಳಾಡುತ್ತದೆಯೇ? ಅವರು ಎಂದೂ ಸುಳ್ಳು ಹೇಳಿದವರಲ್ಲ ಎಂದು ಮಗಳ ಜೊತೆ ವಾದ ಮಾಡಿದಳು. ವಾದದಲ್ಲಿ ಮಗಳನ್ನು ಗೆದ್ದಳು ಕೂಡ.

ಸಾಹೇಬರು ಬಂದ ದಿನ ಅವಳು ಮುಂಜಾನೆ ಎದ್ದು ತಲೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ಹಣೆಗೆ ಭಂಡಾರ ಹಚ್ಚಿಕೊಂಡು ಹೋಗಿ ಗೋಡೆಯ ಬಳಿ ನಿಂತಳು. ಕಂಪನಿಯ ಮನುಷ್ಯ ಬಂದ. ಊರಿನ ನಾಲ್ಕು ಜನ ಬಂದರು. ಗೌಡರು ಮಗನ ಕಾರಿನಲ್ಲಿ ಬಂದಿಳಿದರು, ಕೋಲೂರುತ್ತ. ಅವರು ತನ್ನನ್ನು ನೋಡಿ ತಲೆಯಾಡಿಸಿದಾಗ ಮೈಲಾರವ್ವನಿಗೆ ಧೈರ್ಯ ಬಂತು.

ಸಾಹೇಬರು ಗೋಡೆ ನೋಡಿದರು, ಹಳ್ಳದ ದಾರಿಯಿಂದ ಸುತ್ತಿ ಹೋಗಿ ಶಟರು ನೋಡಿದರು, ಬೂಟಿಗೆ ಕೆಸರು ಹತ್ತಿಸಿಕೊಂಡು ಮರಳಿದರು. ಆಮೇಲೆ ಗೌಡರನ್ನು ಕೇಳಿದರು. "ಹಿರಿಯರು ನೀವು. ನೀವು ಹೇಳಿದಂಗ ಬರೀತೀನಿ. ಈ ಮೈಲಾರವ್ವ ಅವರಿಗೆ ನಿಮ್ಮ ಜಾಗದಾಗ ದಾರಿ ಇತ್ತೋ, ಇಲ್ಲೋ?"

ಗೌಡರು ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತರು. "ಇತ್ರಿ ಸಾಹೇಬ್ರ," ಎಂದರು.

ಸುನೀತಾ ಅವ್ವನ ಕೈ ಹಿಡಿದಳು.

"ಕುರಿಗೆ ಇತ್ರಿ," ಎಂದರು ಗೌಡರು. "ಬೆಳಿ ಇಲ್ಲದಾಗ ಇವರ ಹಿಂಡಿಗೆ ನಾವು ಎಂದೂ ದಾರಿ ಇಲ್ಲ ಅಂದಿಲ್ಲ. ಊರಾಗ ಎಲ್ಲಾರೂ ಕೊಡ್ತಾರ, ನಾವೂ ಕೊಟ್ಟೀವಿ. ಈಗ ಇವರ ಕಡೆ ಕುರಿ ಇಲ್ಲಲ್ರಿ. ಮಾರ್ಯಾರ."

ಮಾಳಿಂಗರಾಯ ಗಂಟಲಲ್ಲಿ ಒಂದು ಸದ್ದು ಮಾಡಿದ, ಅದು ಮಾತಾಗಲಿಲ್ಲ. ಮೈಲಾರವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಯಿತು. ಒಂದೇ ಒಂದು ಸುಳ್ಳಿಲ್ಲದೆ, ಬಾಯಲ್ಲಿ ಲಿಂಗಪೂಜೆಯ ಪಾವಿತ್ರ್ಯವನ್ನು ಇಟ್ಟುಕೊಂಡೇ ಮನುಷ್ಯ ಹೀಗೆ ಮೋಸ ಮಾಡಬಹುದೇ? ಕುರಿ ಮಾರು ಎಂದು ಮನೆಯ ತನಕ ಬಂದು ಹೇಳಿದವರು ಯಾರು?

ಸಾಹೇಬರು ಅವಳ ಕಡೆಗೆ ತಿರುಗಿದರು. "ಏನಮ್ಮಾ, ಅಂಗಡಿಗೆ ದಾರಿ ಅಂತ ಬರೆಸ್ಕೊಂಡೀರೇನು? ಯಾರ ಮುಂದರ ಮಾತಾಗಿತ್ತೇನು?"

"ಬರಸ್ಕೊಂಡಿಲ್ರಿ," ಎಂದಳು ಅವಳು. "ಪತ್ರ ಬರಿಯಾಂವ ಬರೀಲೇನು ಅಂದ, ನಾನ ಬ್ಯಾಡಂದ್ನಿ."

ಸಾಹೇಬರು ಬರೆದುಕೊಂಡರು. ತಲಾಠಿ ತಲೆ ತಗ್ಗಿಸಿದ. ಜೀಪು ಹೋಯಿತು, ಊರಿನ ಜನ ಒಬ್ಬೊಬ್ಬರಾಗಿ ಚದುರಿದರು. ಪ್ರಭು ಕಾರಿನ ಬಾಗಿಲು ತೆರೆದು ಅಪ್ಪನಿಗಾಗಿ ಕಾದ. ಗೌಡರು ಕಾರಿನ ಕಡೆಗೆ ಹೋಗದೆ ಕೋಲೂರಿಕೊಂಡು ಅವಳ ಹತ್ತಿರ ಬಂದರು.

"ತಂಗೀ, ತಪ್ಪ ತಿಳೀಬ್ಯಾಡ," ಎಂದರು. "ಕಾಲಮಾನ ಹಂಗ ಬಂತು. ಪ್ರಭೂನ ಬಿಲ್ಡಿಂಗು ಮುಳುಗಾಕ ಹತ್ತಿತ್ತು. ನಿನ್ನ ಮ್ಯಾಲ ನನಗೇನು ಅಂತಃಕರಣ ಕಡಿಮಿ ಆಗಿಲ್ಲ."

ಅವರ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರೂ ಅಲ್ಲ. ಮೈಲಾರವ್ವ ಆ ಮುಖವನ್ನು ಚೆನ್ನಾಗಿ ನೋಡಿದಳು.

"ಗೌಡ್ರ," ಎಂದಳು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅವರನ್ನು ಹಾಗೆ ಕರೆದವಳಲ್ಲ. "ನಮ್ಮ ಹಿಂಡಿನ್ಯಾಗ ಒಂದ ನಾಯಿ ಇತ್ತರಿ. ಭಾಳ ಕೆಟ್ಟ ನಾಯಿ. ಕತ್ತಲಾದ ಮ್ಯಾಲ ಹಟ್ಟಿ ಹತ್ರ ಯಾರು ಬಂದ್ರೂ ಬಿಡತಿರಲಿಲ್ಲ, ತಲಾಠಿ ಬಂದ್ರೂ ಬಿಡತಿರಲಿಲ್ಲ. ನಿಮಗೊಬ್ಬರಿಗೆ ಬೊಗಳತಿರಲಿಲ್ಲ. ನೆನಪೈತೇನ್ರಿ?"

"ಐತಿ," ಎಂದರು ಗೌಡರು.

"ಇವರಿಗೆ ಬೊಗಳಬಾರದು ಅಂತ ಅದರ ಬಾಯಿ ಹಿಡಿದು ಕಲಿಸಿದಾಕಿ ನಾನ."

ಅಷ್ಟು ಹೇಳಿ ಅವಳು ಸೀರೆಯ ನಿರಿಗೆ ಮೇಲೆತ್ತಿ ಸಿಕ್ಕಿಸಿಕೊಂಡು ಹಳ್ಳದ ಕಡೆಗೆ ಇಳಿದಳು. ಮಳಿಗೆಗೆ ಹೋಗಲು ಈಗ ಇದ್ದ ದಾರಿ ಅದೊಂದೇ.